ಗದಗ–ಹುಬ್ಬಳ್ಳಿ ಓಡಾಟಕ್ಕೆ ಟರ್ಬೊ ಎಂಜಿನ್ ಬೇಕೇ, ಆರು ಏರ್‌ಬ್ಯಾಗ್ ಬೇಕೇ, ಸಿಮ್ ಇರುವ ಕಾರು ಬೇಕೇ?

ಮುಳಗುಂದ ನಾಕಾ (ಗದಗ):

2012ರಲ್ಲಿ ಕೊಂಡ ನನ್ನ ಪೆಟ್ರೋಲ್ ಕಾರನ್ನು ಈ ದೀಪಾವಳಿಯೊಳಗೆ ಬದಲಾಯಿಸಬೇಕೆಂದು ಮನೆಯಲ್ಲಿ ನಿರ್ಧಾರವಾಗಿದೆ. ಕಳೆದ ರವಿವಾರ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮೂರು ಶೋರೂಮುಗಳನ್ನು ಸುತ್ತಿ ಬಂದೆ. ಕಾರು ನೋಡಲು ಹೋದವನಿಗೆ ಮೂರೂ ಕಡೆ ಶಬ್ದಗಳ ಸುರಿಮಳೆಯಾಯಿತೇ ಹೊರತು ಅರ್ಥ ಬಿಡಿಸಿ ಹೇಳುವವರು ಯಾರೂ ಸಿಗಲಿಲ್ಲ. ಒಬ್ಬರು ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಎಂಜಿನ್ನೇ ಇಂದಿನ ಎಂಜಿನ್ ಎಂದರು. ಇನ್ನೊಬ್ಬರು ಟರ್ಬೊ ತಲೆನೋವು, ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್ನೇ ಬಾಳಿಕೆಯದು ಎಂದರು. ಮೂರನೆಯವರು ಹೆದ್ದಾರಿಯಲ್ಲಿ ಓಡಾಡುವವರಿಗೆ ಡೀಸೆಲ್ ಬಿಟ್ಟು ಬೇರೆ ಮಾತೇ ಇಲ್ಲ ಎಂದರು.

ನನ್ನ ಓಡಾಟದ ಲೆಕ್ಕ ಹೀಗಿದೆ. ಊರೊಳಗೆ ಶಾಲೆಗೆ ಹೋಗಿ ಬರಲು ದಿನಕ್ಕೆ ಆರು ಕಿಲೋಮೀಟರ್, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬರಲು ಸುಮಾರು 120 ಕಿಲೋಮೀಟರ್, ವರ್ಷಕ್ಕೆ ಒಂದೆರಡು ಸಲ ಅರಬೈಲ್ ಘಟ್ಟ ಇಳಿದು ಅಂಕೋಲಾ ಕಡೆಗೆ. ಮನೆಯಲ್ಲಿ ನಾವಿಬ್ಬರು, ಎಪ್ಪತ್ತು ದಾಟಿದ ತಾಯಿ, ಆರು ವರ್ಷದ ಮಗಳು. ಖರ್ಚು ಹನ್ನೆರಡು ಲಕ್ಷದ ಆಚೆಗೆ ಹೋಗಬಾರದು. ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಎಂಜಿನ್ನನ್ನು ಹಾಳುಮಾಡುತ್ತದೆಯೇ, ಸುರಕ್ಷತೆಯ ನಕ್ಷತ್ರಗಳನ್ನು ಹೇಗೆ ಓದಬೇಕು, ಕಾರಿನೊಳಗಿನ ಸಿಮ್ ಮೂಲಕ ಮೊಬೈಲಿನಿಂದಲೇ ಎಸಿ ಹಚ್ಚುವ ಸೌಲಭ್ಯಕ್ಕೆ ಎಪ್ಪತ್ತು ಸಾವಿರ ಹೆಚ್ಚು ಕೊಡುವುದು ಸರಿಯೇ ಎಂಬುದನ್ನು ತಿಳಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಗೋಕುಲ ರಸ್ತೆಯ ಗ್ಯಾರೇಜು (ಹುಬ್ಬಳ್ಳಿ):

ಮಾಸ್ತರೇ, ಇಪ್ಪತ್ತೈದು ವರ್ಷಗಳಿಂದ ಎಂಜಿನ್ ಬಿಚ್ಚುತ್ತಿರುವವನಾಗಿ ಹೇಳುತ್ತೇನೆ: ಎಂಜಿನ್ ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ ಮೊದಲು, ಅದು ದಿನಕ್ಕೆ ಎಷ್ಟು ಹೊತ್ತು ಬಿಸಿಯಾಗಿ ಓಡುತ್ತದೆ ಎಂದು ನೋಡಬೇಕು. ನೀವು ವಾರದ ಆರು ದಿನ, ಒಮ್ಮೆಗೆ ಮೂರು ಕಿಲೋಮೀಟರ್ ಓಡಿಸಿ ಬಂದ್ ಮಾಡುವವರು. ಅಷ್ಟರಲ್ಲಿ ಎಂಜಿನ್ನಿನ ನೀರು ಬಿಸಿಯಾದರೂ ಎಣ್ಣೆ ಪೂರ್ತಿ ಬಿಸಿಯಾಗಿರುವುದಿಲ್ಲ. ಇದು ಯಾವ ಎಂಜಿನ್ನಿಗೂ ಹಿತವಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಇಂದಿನ ಡೀಸೆಲ್ ಗಾಡಿಗೆ.

ಕಾರಣವಿಷ್ಟು. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದು ಇರುತ್ತದೆ; ನಾವು ಗ್ಯಾರೇಜಿನವರು ಅದನ್ನು ಡಿಪಿಎಫ್ ಎನ್ನುತ್ತೇವೆ. ಅದರಲ್ಲಿ ಮಸಿ ತುಂಬಿದಾಗ ಗಾಡಿಯ ಕಂಪ್ಯೂಟರ್ ಸ್ವಲ್ಪ ಹೆಚ್ಚು ಡೀಸೆಲ್ ಸುರಿದು, ಜರಡಿಯನ್ನು ಸುಮಾರು 600 ಡಿಗ್ರಿಯವರೆಗೆ ಕಾಯಿಸಿ, ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಈ ಕೆಲಸ ಮುಗಿಯಲು ಗಾಡಿ ಒಂದೇ ಸಮನೆ ಹದಿನೈದು-ಇಪ್ಪತ್ತು ನಿಮಿಷ ಓಡುತ್ತಿರಬೇಕು. ಸುಡುವುದು ಶುರುವಾದಾಗಲೆಲ್ಲ ನೀವು ಶಾಲೆಯ ಮುಂದೆ ನಿಲ್ಲಿಸಿ ಕೀಲಿ ತೆಗೆದರೆ, ಮಸಿ ಅರ್ಧಕ್ಕೇ ಉಳಿಯುತ್ತದೆ ಮತ್ತು ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಕೆಳಗಿಳಿದು ಎಂಜಿನ್ ಎಣ್ಣೆಯಲ್ಲಿ ಸೇರುತ್ತದೆ. ಎಣ್ಣೆಯ ಕಡ್ಡಿ ಎಳೆದು ನೋಡಿದಾಗ ಎಣ್ಣೆ ಕಡಿಮೆಯಾಗುವ ಬದಲು ಏರಿದ್ದರೆ ಇದೇ ಆಗಿದೆ ಎಂದು ತಿಳಿಯಬೇಕು. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬರುವ ನಿಮ್ಮ ಓಡಾಟದಿಂದ ಜರಡಿಗೆ ಸ್ವಲ್ಪ ಉಸಿರಾಡಲು ಸಿಗುತ್ತದೆ, ನಿಜ. ಆದರೆ ಒಂದು ವಾರ ಬರುವುದು ತಪ್ಪಿದರೆ ಎಚ್ಚರಿಕೆಯ ದೀಪ ಹತ್ತುತ್ತದೆ.

ಇನ್ನು ಟರ್ಬೊ ವಿಷಯ. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಸೇರಿದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಆದ್ದರಿಂದ ಸಣ್ಣ ಎಂಜಿನ್ನಿನಿಂದ ದೊಡ್ಡ ಎಂಜಿನ್ನಿನ ಎಳೆತ ಸಿಗುತ್ತದೆ. ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ ಸುಮಾರು 110ರಿಂದ 115 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ, ಅದೂ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಆಸುಪಾಸಿನಲ್ಲಿ. ಒಂದು ಲೀಟರ್ ಟರ್ಬೊ 150ರಿಂದ 180ರವರೆಗೆ ಕೊಡುತ್ತದೆ, ಮತ್ತು ಎರಡು ಸಾವಿರ ಸುತ್ತು ಮುಟ್ಟುವ ಹೊತ್ತಿಗೇ ಕೊಡುತ್ತದೆ. ಅಣ್ಣಿಗೇರಿ ದಾಟಿ ಲಾರಿಯೊಂದನ್ನು ಹಿಂದೆ ಹಾಕುವಾಗ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಆದರೆ ಆ ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ ಮತ್ತು ಅದನ್ನು ಹಿಡಿದಿಟ್ಟಿರುವುದು ಒಂದು ತೆಳುವಾದ ಎಣ್ಣೆಯ ಪದರ ಮಾತ್ರ. ಪುಸ್ತಕದಲ್ಲಿ ಬರೆದ ದರ್ಜೆಯ ಎಣ್ಣೆಯನ್ನು ಹೇಳಿದ ಸಮಯಕ್ಕೆ ಬದಲಿಸುವವರಿಗೆ ಟರ್ಬೊ ತಲೆನೋವಲ್ಲ; "ಇನ್ನೊಂದು ಎರಡು ಸಾವಿರ ಓಡಲಿ ಬಿಡಿ" ಎನ್ನುವವರು ಅದರ ಹತ್ತಿರ ಸುಳಿಯಬಾರದು. ಜೋರಾಗಿ ಓಡಿಸಿ ಬಂದು ನಿಲ್ಲಿಸಿದ ಮೇಲೆ ಅರ್ಧ ನಿಮಿಷ ಹಾಗೇ ಓಡಲು ಬಿಟ್ಟು ಬಂದ್ ಮಾಡುವುದು ಇಂದಿಗೂ ಒಳ್ಳೆಯ ರೂಢಿ.

ಮೂರು ಸಿಲಿಂಡರ್ ಎಂದರೆ ಅರ್ಧ ಎಂಜಿನ್ ಎಂಬ ಮಾತು ನಮ್ಮ ಕಡೆ ಇದೆ. ಅದು ಸರಿಯಲ್ಲ. ನಾಲ್ಕು ಸಿಲಿಂಡರಿನಲ್ಲಿ ಎಂಜಿನ್ನಿನ ಮುಖ್ಯ ದಂಡ 180 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಸಿಡಿತವಾಗುತ್ತದೆ, ಮೂರರಲ್ಲಿ 240 ಡಿಗ್ರಿಗೊಮ್ಮೆ. ಆದ್ದರಿಂದ ನಿಂತಲ್ಲಿ ಸ್ವಲ್ಪ ನಡುಕ ಇರುತ್ತದೆ, ಅಷ್ಟೇ. ಬಾಳಿಕೆಗೂ ಆ ನಡುಕಕ್ಕೂ ಸಂಬಂಧವಿಲ್ಲ.

ನಿಮ್ಮ ಓಡಾಟಕ್ಕೆ ನನ್ನ ಮತ ಟರ್ಬೊ ಇಲ್ಲದ 1.2 ಪೆಟ್ರೋಲಿಗೆ.

ಬ್ಯಾಡಗಿ ಡೀಸೆಲ್ (ಹಾವೇರಿ ಜಿಲ್ಲೆ):

ಗ್ಯಾರೇಜಿನವರ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಡೀಸೆಲ್ಲಿನ ಪರವಾಗಿಯೂ ಒಬ್ಬರು ಮಾತನಾಡಬೇಕಲ್ಲ. ನಾನು ಮೆಣಸಿನಕಾಯಿ ವ್ಯಾಪಾರದವನು. ಹಂಗಾಮಿನಲ್ಲಿ ವಾರಕ್ಕೆ ಮೂರು ಸಲ ಹುಬ್ಬಳ್ಳಿ, ತಿಂಗಳಿಗೆರಡು ಸಲ ಬೆಂಗಳೂರು. ವರ್ಷಕ್ಕೆ ಮೂವತ್ತೈದು ಸಾವಿರ ಕಿಲೋಮೀಟರ್ ಓಡುವ ನನ್ನ ಗಾಡಿಯಲ್ಲಿ ನಾಲ್ಕು ವರ್ಷಗಳಲ್ಲಿ ಡಿಪಿಎಫ್ ದೀಪ ಒಂದೇ ಸಲ ಹತ್ತಿದೆ. ಅದೂ ನನಗೆ ಜ್ವರ ಬಂದು ಮಲಗಿದ್ದಾಗ ಮಗ ಹದಿನೈದು ದಿನ ಗಾಡಿಯನ್ನು ಮನೆಯಿಂದ ಮಾರುಕಟ್ಟೆಗೆ ಮಾತ್ರ ಓಡಿಸಿದ್ದರಿಂದ.

ಮಾಸ್ತರರು ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಲಿ. ಅವರ ಓಡಾಟವೆಲ್ಲ ಕೂಡಿದರೆ ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ದಾಟುವುದಿಲ್ಲ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ಎಂದು ಹಿಡಿಯೋಣ. ಪೆಟ್ರೋಲ್ ಗಾಡಿ ಲೀಟರಿಗೆ 15, ಡೀಸೆಲ್ ಗಾಡಿ 19 ಕಿಲೋಮೀಟರ್ ಕೊಡುತ್ತದೆ ಎಂದುಕೊಳ್ಳೋಣ. ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿಗಿಂತ ಸ್ವಲ್ಪ ಹೆಚ್ಚು, ವರ್ಷಕ್ಕೆ ಸುಮಾರು ಹದಿನೆಂಟೂವರೆ ಸಾವಿರ. ಒಂದೇ ಮಾದರಿಯ ಡೀಸೆಲ್ ಕಾರಿಗೆ ಒಂದು ಲಕ್ಷ ನಲವತ್ತು ಸಾವಿರ ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು ಏಳೂವರೆ ವರ್ಷ ಬೇಕು. ನನಗೆ ಅದೇ ಹಣ ಎರಡು ವರ್ಷದೊಳಗೆ ಮರಳಿತ್ತು.

ಸಿಎನ್‌ಜಿ ಅಗ್ಗ ಎಂದು ಯಾರಾದರೂ ಹೇಳಿದರೆ ಅದನ್ನೂ ಒಮ್ಮೆ ಯೋಚಿಸಿ. 200 ಬಾರ್ ಒತ್ತಡದ ಸಿಲಿಂಡರ್ ಡಿಕ್ಕಿಯ ಜಾಗ ತಿನ್ನುತ್ತದೆ, ಮೂರು ವರ್ಷಕ್ಕೊಮ್ಮೆ ಅದರ ಪರೀಕ್ಷೆ ಮಾಡಿಸಬೇಕು, ಘಟ್ಟ ಏರುವಾಗ ಎಳೆತ ಕಡಿಮೆ. ತಾಯಿಯವರ ಚೀಲ, ಮಗುವಿನ ಚೀಲ ಇಟ್ಟುಕೊಂಡು ಅಂಕೋಲಾಕ್ಕೆ ಹೋಗುವವರಿಗೆ ಅದು ಹೊಂದುವುದಿಲ್ಲ.

ಮುಳಗುಂದ ನಾಕಾ (ಗದಗ):

ಇಬ್ಬರಿಗೂ ಧನ್ಯವಾದಗಳು. ಡೀಸೆಲ್ ವಿಷಯ ಇಲ್ಲಿಗೆ ಮುಗಿಯಿತು; ಲೆಕ್ಕ ನೋಡಿದ ಮೇಲೆ ಮನೆಯವರೂ ಒಪ್ಪಿದರು. ಇ20 ಮತ್ತು ಸುರಕ್ಷತೆಯ ಬಗ್ಗೆ ಯಾರಾದರೂ ಬರೆಯುವಿರಾ? ನನ್ನ ಹಳೆಯ ಕಾರು ಕಳೆದ ಎರಡು ವರ್ಷಗಳಿಂದ ಮೊದಲಿಗಿಂತ ಕಡಿಮೆ ಮೈಲೇಜ್ ಕೊಡುತ್ತಿದೆ. ಅದಕ್ಕೆ ವಯಸ್ಸು ಕಾರಣವೋ ಎಥೆನಾಲ್ ಕಾರಣವೋ ತಿಳಿಯುತ್ತಿಲ್ಲ.

ಸಪ್ತಾಪುರದ ಉಪನ್ಯಾಸಕಿ (ಧಾರವಾಡ):

ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವಳಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆದರೆ ಕ್ಷಮಿಸಬೇಕು.

ಎಥೆನಾಲ್‌ನ ಒಂದು ಲೀಟರಿನಲ್ಲಿ ಇರುವ ಶಕ್ತಿ ಪೆಟ್ರೋಲಿನ ಒಂದು ಲೀಟರಿನಲ್ಲಿ ಇರುವುದರ ಸುಮಾರು ಮೂರನೆಯ ಎರಡು ಭಾಗ. ಇ20ಯಲ್ಲಿ ಐದನೆಯ ಒಂದು ಭಾಗ ಎಥೆನಾಲ್ ಇರುವುದರಿಂದ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಲೀಟರಿಗೆ ನೂರಕ್ಕೆ ಆರೇಳು ಭಾಗ ಶಕ್ತಿ ಕಡಿಮೆಯಾಗುತ್ತದೆ. ಹತ್ತನೆಯ ಒಂದು ಭಾಗ ಎಥೆನಾಲ್ ಇರುವ ಇ10ಕ್ಕೆ ಹೋಲಿಸಿದರೆ ಕೊರತೆ ಅದರ ಅರ್ಧದಷ್ಟು. ನೀತಿ ಆಯೋಗದ 2021ರ ಎಥೆನಾಲ್ ವರದಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು: ಇ20 ಹಾಕಿದಾಗ, ಶುದ್ಧ ಪೆಟ್ರೋಲಿಗಾಗಿ ರೂಪಿಸಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ನೂರಕ್ಕೆ 6ರಿಂದ 7 ಭಾಗ, ಇ10ಕ್ಕಾಗಿ ರೂಪಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2 ಭಾಗ ಇಳಿಯಬಹುದು ಎಂದು. ಎರಡನೆಯ ಗುಂಪಿನಲ್ಲಿ ಇಳಿಕೆ ಏಕೆ ಕಡಿಮೆ ಎಂದರೆ, ಎಥೆನಾಲ್‌ನ ಆಕ್ಟೇನ್ ಮೌಲ್ಯ ಸುಮಾರು 108 ಇದ್ದು, ಅದು ತಾನಾಗಿ ಸಿಡಿಯದೆ ಹೆಚ್ಚು ಒತ್ತಡವನ್ನು ತಾಳಬಲ್ಲದು. ಅದನ್ನು ಬಳಸಿಕೊಳ್ಳುವಂತೆ ಕಿಡಿ ಹಾರುವ ಗಳಿಗೆಯನ್ನು ಹೊಂದಿಸಿದ ಎಂಜಿನ್ ಕಳೆದುಕೊಂಡದ್ದರಲ್ಲಿ ಸ್ವಲ್ಪವನ್ನು ಮರಳಿ ಪಡೆಯುತ್ತದೆ. ಆದ್ದರಿಂದ ನಿಮ್ಮ ಹಳೆಯ ಕಾರಿನ ಮೈಲೇಜ್ ನೂರಕ್ಕೆ ಐದಾರು ಭಾಗ ಇಳಿದಿದ್ದರೆ ಎಥೆನಾಲ್ ಕಾರಣವಿರಬಹುದು. ಹದಿನೈದು-ಇಪ್ಪತ್ತು ಭಾಗ ಇಳಿದಿದ್ದರೆ ಗ್ಯಾರೇಜಿನವರಿಗೆ ತೋರಿಸಿ.

ಹಾಳಾಗುವ ಪ್ರಶ್ನೆ ಬೇರೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ ಮತ್ತು ಕೆಲವು ಜಾತಿಯ ರಬ್ಬರನ್ನು ಉಬ್ಬಿಸುತ್ತದೆ. ಆದ್ದರಿಂದ ಹಳೆಯ ಗಾಡಿಗಳಲ್ಲಿ ಪೆಟ್ರೋಲ್ ನಳಿಕೆ, ಸೀಲು, ಪಂಪುಗಳ ಮೇಲೆ ಕಣ್ಣಿಡಬೇಕು, ಮತ್ತು ಅರ್ಧ ತುಂಬಿದ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಲ್ಲಿಸಬಾರದು. 2023ರ ಏಪ್ರಿಲ್ ನಂತರದ ಕಾರುಗಳಲ್ಲಿ ಈ ಭಾಗಗಳು ಇ20ಯನ್ನು ತಾಳುವ ವಸ್ತುಗಳಿಂದಲೇ ಆಗಿರುತ್ತವೆ. ನೀವು ಹೊಸದನ್ನು ಕೊಳ್ಳುವುದರಿಂದ ಚಿಂತೆಗೆ ಕಾರಣವಿಲ್ಲ. (ಹಾವೇರಿಯ ಗೋವಿನಜೋಳದಿಂದಲೂ ಎಥೆನಾಲ್ ತೆಗೆಯಬಹುದು ಎಂಬುದನ್ನು ನೆನೆದರೆ, ಬ್ಯಾಡಗಿಯವರು ಪೆಟ್ರೋಲ್ ಕಾರು ಕೊಳ್ಳಬೇಕಾಗಿತ್ತು.)

ಸುರಕ್ಷತೆಗೆ ಬರೋಣ. ಕಾರನ್ನು ಡಿಕ್ಕಿ ಹೊಡೆಸಿ ನೋಡಿ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಆದರೆ ಕಡ್ಡಾಯವಲ್ಲ. ಕಂಪನಿ ತಾನಾಗಿ ಕಾರನ್ನು ಕೊಟ್ಟರೆ ಪರೀಕ್ಷೆ ನಡೆಯುತ್ತದೆ. ಮುಂಭಾಗದ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಅದರ ಅಗಲದ ನೂರಕ್ಕೆ 40 ಭಾಗ ಮಾತ್ರ ತಾಗುವಂತೆ, ಮಣಿಯುವ ತಡೆಗೆ ಡಿಕ್ಕಿ ಹೊಡೆಸುತ್ತಾರೆ. ಪಕ್ಕದಿಂದ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಇನ್ನೊಂದು ಪರೀಕ್ಷೆ, ಕಂಬಕ್ಕೆ ಪಕ್ಕದಿಂದ 29 ಕಿಲೋಮೀಟರ್ ವೇಗದಲ್ಲಿ ಮತ್ತೊಂದು. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ. ಎರಡಕ್ಕೂ ನಕ್ಷತ್ರಗಳು ಬೇರೆ ಬೇರೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಮೊದಲನೆಯದು. ಮನೆಯಲ್ಲಿ ಮಗು ಇರುವ ನೀವು ಎರಡನೆಯದನ್ನು ಹುಡುಕಿ ಓದಬೇಕು.

ನಕ್ಷತ್ರಗಳನ್ನು ಓದುವಾಗ ವೇಗದ ಲೆಕ್ಕವನ್ನೂ ಮರೆಯಬಾರದು. ಡಿಕ್ಕಿಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ: 64ರ ಬದಲು 80ರಲ್ಲಿ ಗುದ್ದಿದರೆ ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚು, 100ರಲ್ಲಿ ಸುಮಾರು ಎರಡೂವರೆ ಪಟ್ಟು. ಐದು ನಕ್ಷತ್ರದ ಕಾರು ಗಂಟೆಗೆ ನೂರರ ವೇಗದಲ್ಲಿ ನಿಂತ ಲಾರಿಯ ಹಿಂಬದಿಗೆ ನುಗ್ಗಿದರೆ ಆ ನಕ್ಷತ್ರಗಳು ಏನನ್ನೂ ಭರವಸೆ ಕೊಡುವುದಿಲ್ಲ. ಧಾರವಾಡದ ಬೈಪಾಸಿನಲ್ಲಿ ಎದುರಿನಿಂದ ಬರುವ ಗಾಡಿಗಳನ್ನು ನೋಡುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏರ್‌ಬ್ಯಾಗಿನ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದು ಸೀಟ್‌ಬೆಲ್ಟಿಗೆ ಪೂರಕವೇ ಹೊರತು ಬದಲಿಯಲ್ಲ. ಡಿಕ್ಕಿಯಾದ ಮೇಲೆ ಕಣ್ಣು ರೆಪ್ಪೆ ಹೊಡೆಯುವುದಕ್ಕಿಂತ ಬೇಗ ಅದು ಉಬ್ಬಿಬಿಡುತ್ತದೆ. ಬೆಲ್ಟ್ ಇಲ್ಲದ ದೇಹ ಮುಂದಕ್ಕೆ ಹಾರುತ್ತಿರುವಾಗ ಎದುರಿನಿಂದ ಆ ಚೀಲ ಬಂದು ಬಡಿದರೆ ಅದೇ ಗಾಯ ಮಾಡಬಲ್ಲದು. ವೋಲ್ವೊ ಕಂಪನಿಯ ನಿಲ್ಸ್ ಬೊಹ್ಲಿನ್ 1959ರಲ್ಲಿ ತಂದ ಮೂರು ಬಿಂದುವಿನ ಬೆಲ್ಟೇ ಇಂದಿಗೂ ಕಾರಿನಲ್ಲಿರುವ ಮುಖ್ಯ ರಕ್ಷಕ. ಹಿಂದಿನ ಸೀಟಿನಲ್ಲಿ ಕೂರುವ ನಿಮ್ಮ ತಾಯಿಯವರಿಗೂ ಅದು ಬೇಕು, ಮತ್ತು ಕಾನೂನಿನಂತೆ ಕಡ್ಡಾಯವೂ ಹೌದು. ಹಿಂದಿನ ಬೆಲ್ಟುಗಳ ಬಕಲನ್ನು ಸೀಟಿನ ಕವರಿನ ಕೆಳಗೆ ಹೂತುಬಿಡುವ ಪದ್ಧತಿ ನಮ್ಮ ಕಡೆ ಬಹಳ. ಹೊಸ ಕಾರಿಗೆ ಅಂಥ ಕವರು ಹಾಕಿಸಬೇಡಿ. ಸೀಟಿನ ಪಕ್ಕದಲ್ಲಿಯೇ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಸಿಕ್ಕಿದ ಕವರು ಹೊಲಿಸಿದರೆ ಆ ಚೀಲ ಬಿಚ್ಚಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

ಆರು ಏರ್‌ಬ್ಯಾಗಿನಲ್ಲಿ ಎರಡು ಮುಂದೆ, ಎರಡು ಮುಂದಿನ ಸೀಟುಗಳ ಪಕ್ಕದಲ್ಲಿ, ಎರಡು ಕಿಟಕಿಯ ಮೇಲಿನಿಂದ ಪರದೆಯಂತೆ ಇಳಿಯುವಂಥವು. ಹಿಂದೆ ಕೂರುವವರ ತಲೆಗೆ ಆಸರೆಯಾಗುವುದು ಈ ಪರದೆಗಳು ಮಾತ್ರ. ಹಣ ಕೊಡಿ, ತಪ್ಪಲ್ಲ. ಆದರೆ ನನ್ನನ್ನು ಕೇಳಿದರೆ, ಪಟ್ಟಿಯಲ್ಲಿ ಮೊದಲು ಹುಡುಕಬೇಕಾದದ್ದು ಇಎಸ್‌ಸಿ, ಅಂದರೆ ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ. ಎಬಿಎಸ್ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುತ್ತದೆ, 2019ರಿಂದ ಕಡ್ಡಾಯವಾಗಿಯೂ ಇದೆ. ಇಎಸ್‌ಸಿ ಒಂದು ಹೆಜ್ಜೆ ಮುಂದೆ ಹೋಗಿ, ನೀವು ಸ್ಟಿಯರಿಂಗ್ ತಿರುಗಿಸಿದ ದಿಕ್ಕನ್ನೂ ಗಾಡಿ ನಿಜವಾಗಿ ತಿರುಗುತ್ತಿರುವ ದಿಕ್ಕನ್ನೂ ಹೋಲಿಸುತ್ತಿರುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ, ನೀವು ಏನೂ ಮಾಡದೆಯೇ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ಮಳೆಗಾಲದಲ್ಲಿ ಎರೆಹೊಲದಿಂದ ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಮೆತ್ತಿ ಹೋದ ಕರಿಮಣ್ಣಿನ ಮೇಲೆ, ನಾಯಿಯೊಂದು ಅಡ್ಡ ಬಂದಾಗ ಸ್ಟಿಯರಿಂಗ್ ಎಳೆದವರಿಗೆ ಇದರ ಬೆಲೆ ಗೊತ್ತು. ಏರ್‌ಬ್ಯಾಗ್ ಕೆಲಸ ಮಾಡುವುದು ಗುದ್ದಿದ ಮೇಲೆ; ಇದು ಗುದ್ದುವುದಕ್ಕೆ ಮೊದಲು.

ಮಗಳಿಗೆ ಅವಳ ಎತ್ತರ-ತೂಕಕ್ಕೆ ಹೊಂದುವ ಬೂಸ್ಟರ್ ಸೀಟು ಕೊಳ್ಳಿರಿ. ದೊಡ್ಡವರ ಬೆಲ್ಟ್ ಆರು ವರ್ಷದ ಮಗುವಿನ ಕುತ್ತಿಗೆಯ ಮೇಲೆ ಹಾಯುತ್ತದೆ. ಬೂಸ್ಟರ್ ಮಗುವನ್ನು ಎತ್ತರಿಸಿ ಬೆಲ್ಟನ್ನು ಭುಜದ ಮೇಲೆ ತರುತ್ತದೆ. ತೊಡೆಯ ಮೇಲೆ ಕೂರಿಸಿಕೊಳ್ಳುವುದಂತೂ ಬೇಡವೇ ಬೇಡ.

ಕೇಶ್ವಾಪುರ 23 (ಹುಬ್ಬಳ್ಳಿ):

ಸಿಮ್ ಇರುವ ಕಾರಿನ ಬಗ್ಗೆ ನಾನು ಬರೆಯುತ್ತೇನೆ. ಮೂರು ವರ್ಷಗಳಿಂದ ಅಂಥದ್ದನ್ನೇ ಓಡಿಸುತ್ತಿದ್ದೇನೆ.

ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಶೋರೂಮಿನವರು ಒಂದೇ ಮಾತಿನಲ್ಲಿ ಕಲಸಿಬಿಡುತ್ತಾರೆ. ಒಂದು, ನಿಮ್ಮ ಮೊಬೈಲನ್ನು ಕಾರಿನ ಪರದೆಗೆ ಜೋಡಿಸಿ ನಕ್ಷೆ, ಹಾಡು, ಕರೆಗಳನ್ನು ಬಳಸುವುದು. ಆಂಡ್ರಾಯ್ಡ್ ಆಟೊ ಎಂಬುದು ಇದೇ, ಇದಕ್ಕೆ ಕಾರಿನೊಳಗೆ ಸಿಮ್ ಬೇಕಿಲ್ಲ, ವರ್ಷದ ಚಂದಾ ಇಲ್ಲ, ಮಧ್ಯಮ ದರ್ಜೆಯ ಕಾರುಗಳಲ್ಲಿಯೂ ಸಿಗುತ್ತದೆ. ಇನ್ನೊಂದು, ಕಾರಿನೊಳಗೇ ಅಳವಡಿಸಿದ ಇ-ಸಿಮ್ ಕಂಪನಿಯ ಸರ್ವರಿನೊಂದಿಗೆ ಮಾತನಾಡುವುದು. ಮೊಬೈಲಿನಿಂದ ಎಸಿ ಹಚ್ಚುವುದು, ಗಾಡಿ ಎಲ್ಲಿದೆ ಎಂದು ನೋಡುವುದು, ಯಾರಾದರೂ ಎಳೆದೊಯ್ದರೆ ಎಚ್ಚರಿಕೆ ಬರುವುದು ಈ ಎರಡನೆಯದರಿಂದ. ಇದು ಮೊದಲ ಕೆಲವು ವರ್ಷ ಉಚಿತ, ಆಮೇಲೆ ಚಂದಾ. ಆ ಚಂದಾ ವರ್ಷಕ್ಕೆ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನನಗೆ ಬಾಯಿಮಾತಿನಲ್ಲಿ ಹೇಳಿದ್ದಕ್ಕೂ ಮೂರು ವರ್ಷದ ನಂತರ ಬಂದ ಮೊತ್ತಕ್ಕೂ ತಾಳೆಯಾಗಲಿಲ್ಲ.

ಏಪ್ರಿಲ್ ಮಧ್ಯಾಹ್ನ ಗಾಡಿ ಹತ್ತುವ ಹತ್ತು ನಿಮಿಷ ಮೊದಲೇ ಎಸಿ ಹಚ್ಚುವ ಸುಖ ದೊಡ್ಡದೇ, ನಿಜ. ಆದರೆ ಅಪಘಾತವಾದಾಗ ಕಾರು ತಾನೇ ಕರೆ ಮಾಡುವ ಸೌಲಭ್ಯವೂ ಅದೇ ಸಿಮ್ಮಿನ ಮೇಲೆ ನಿಂತಿದೆ. ಅರಬೈಲ್ ಘಟ್ಟದಲ್ಲಿ ನಿಮ್ಮ ಮೊಬೈಲಿಗೆ ಸಿಗ್ನಲ್ ಇಲ್ಲದ ತಿರುವಿನಲ್ಲಿ ಕಾರಿನ ಸಿಮ್ಮಿಗೂ ಸಿಗುವುದು ಅನುಮಾನ. ಇನ್ನೊಂದು ಮಾತು: ಕಾರು ಎಲ್ಲೆಲ್ಲಿ ಹೋಯಿತು, ಎಷ್ಟು ಜೋರಾಗಿ ಬ್ರೇಕ್ ಬಿತ್ತು ಎಂಬುದೆಲ್ಲ ದಾಖಲಾಗುತ್ತದೆ. ಹಳೆಯ ಕಾರನ್ನು ಮಾರುವಾಗ ಖಾತೆಯಿಂದ ಅದನ್ನು ತೆಗೆದುಹಾಕಬೇಕು, ಕೊಂಡವರ ಕೈಗೆ ನಿಮ್ಮ ಫೋನ್‌ಬುಕ್ ಹೋಗದಂತೆ ಪರದೆಯ ನೆನಪನ್ನೂ ಅಳಿಸಬೇಕು. ನನ್ನ ಸಂಬಂಧಿಯೊಬ್ಬರು ಮಾರಿದ ಕಾರು ಈಗ ಎಲ್ಲಿ ನಿಂತಿದೆ ಎಂದು ಆರು ತಿಂಗಳವರೆಗೆ ತಮ್ಮ ಮೊಬೈಲಿನಲ್ಲಿ ನೋಡುತ್ತಿದ್ದರು.

ಎಪ್ಪತ್ತು ಸಾವಿರದಲ್ಲಿ ನಾನಾಗಿದ್ದರೆ ಸಿಮ್ ಬಿಟ್ಟು, ಟೈರಿನ ಗಾಳಿ ತೋರಿಸುವ ವ್ಯವಸ್ಥೆ, ಹಿಂಬದಿಯ ಕ್ಯಾಮೆರಾ ಇರುವ ದರ್ಜೆಯನ್ನು ಆರಿಸುತ್ತಿದ್ದೆ. ಬೇಸಿಗೆಯಲ್ಲಿ ಕಾದ ರಸ್ತೆಯ ಮೇಲೆ ಗಾಳಿ ಕಡಿಮೆ ಇರುವ ಟೈರು ಮತ್ತಷ್ಟು ಕಾದು ಒಡೆಯುತ್ತದೆ. ನಿಮ್ಮ ಗದಗ ರಸ್ತೆಗೆ ಅದೇ ಹೆಚ್ಚು ಉಪಯೋಗ.

ಗೋಕುಲ ರಸ್ತೆಯ ಗ್ಯಾರೇಜು (ಹುಬ್ಬಳ್ಳಿ):

ಕೇಶ್ವಾಪುರದವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಅಗ್ಗದ ದರ್ಜೆ ಕೊಂಡು, ಪರದೆ, ದೊಡ್ಡ ಹಾರ್ನು, ಬಿಳಿ ದೀಪಗಳನ್ನು ಹೊರಗೆ ಹಾಕಿಸೋಣ ಎಂದು ಬಹಳ ಜನ ಬರುತ್ತಾರೆ. ಇಂದಿನ ಕಾರಿನಲ್ಲಿ ಎಂಜಿನ್, ಬ್ರೇಕ್, ಏರ್‌ಬ್ಯಾಗ್ ಇವುಗಳ ಕಂಪ್ಯೂಟರುಗಳೆಲ್ಲ ಹೆಣೆದ ಎರಡು ತಂತಿಗಳ ಮೇಲೆ ಒಂದಕ್ಕೊಂದು ಮಾತನಾಡುತ್ತಿರುತ್ತವೆ. ಎಲ್ಲೋ ಒಂದು ಕಡೆ ತಂತಿ ಕೊಯ್ದು ಟೇಪು ಸುತ್ತಿದರೆ ಬೇರೆಲ್ಲೋ ದೀಪ ಹತ್ತುತ್ತದೆ, ವಾರಂಟಿಯೂ ಹೋಗುತ್ತದೆ. ಹಾಕಿಸಲೇಬೇಕೆಂದರೆ ಕೊಯ್ಯದೆ ಕೂರಿಸುವ ಕಪ್ಲರ್ ಇರುವ ಸಾಮಾನನ್ನೇ ಹಾಕಿಸಿರಿ.

ಮುಳಗುಂದ ನಾಕಾ (ಗದಗ):

ಈ ರವಿವಾರ ಮತ್ತೆ ಹೋಗಿ ಬಂದೆ. ಈ ಸಲ ಕೇಳುವವನು ನಾನಾಗಿದ್ದೆ. ಒಂದು ಕಡೆ ಇಎಸ್‌ಸಿ ಎಲ್ಲ ದರ್ಜೆಯಲ್ಲಿಯೂ ಇದೆ ಎಂದರು. ಕೀಲಿ ತಿರುಗಿಸಿ ಡ್ಯಾಶ್‌ಬೋರ್ಡಿನಲ್ಲಿ ಆ ದೀಪ ಹತ್ತಿ ಆರುವುದನ್ನು ನೋಡಿದ ಮೇಲೆಯೇ ನಂಬಿದೆ. ಇನ್ನೊಂದು ಕಡೆ ಮಕ್ಕಳ ರಕ್ಷಣೆಯ ಅಂಕ ಎಷ್ಟು ಎಂದು ಕೇಳಿದಾಗ ಹುಡುಗ ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಟರ್ಬೊ ಮತ್ತು ಸಾದಾ ಎಂಜಿನ್ ಎರಡನ್ನೂ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ಓಡಿಸಿದೆ. ಟರ್ಬೊ ಓಡಿಸಲು ಖುಷಿಯೇ, ಸುಳ್ಳೇಕೆ, ಆದರೂ 1.2 ಲೀಟರಿನ ಸಾದಾ ಪೆಟ್ರೋಲ್, ಆರು ಏರ್‌ಬ್ಯಾಗ್, ಇಎಸ್‌ಸಿ, ಟೈರ್ ಗಾಳಿಯ ಸೂಚಕ ಇರುವ, ಸಿಮ್ ಇಲ್ಲದ ದರ್ಜೆಗೆ ಮುಂಗಡ ಕೊಟ್ಟು ಬಂದಿದ್ದೇನೆ. ಬೂಸ್ಟರ್ ಸೀಟನ್ನು ಮಗಳು ತಾನೇ ಆರಿಸಿದಳು. ಹಿಂದಿನ ಬೆಲ್ಟ್ ಹಾಕಿಕೊಳ್ಳಲು ತಾಯಿಯವರನ್ನು ಒಪ್ಪಿಸುವ ಕೆಲಸವನ್ನೂ ಅವಳಿಗೇ ವಹಿಸಿದ್ದೇನೆ.